ಯಕ್ಷಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ

ಈ ಭಾಷಣ ಮಾಲೆಯಲ್ಲಿ ಮಲಯಾಳಂ ಸೂಪರ್‌ಹೀರೋ ಸಿನಿಮಾ ಒಂದರ ಬಗ್ಗೆ ಮಾತಾಡುತ್ತೇನೆ ಎಂದಾಗ ದೋಹಾದ ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು, 'ಕನ್ನಡದಲ್ಲಿ ಏನೂ ಸಿಗಲಿಲ್ಲವಾ ಮಾರಾಯ?' ಎಂದು ಕೇಳಿದರು. ಸಿಗದೆ ಏನು? ಆದರೆ ಈ ಸಿನಿಮಾದ ಕತೆ ನಡೆಯುವುದು ನಮ್ಮ ಬೆಂಗಳೂರಿನಲ್ಲಿ. ನಾವು ಅದನ್ನು ನೋಡಿದ್ದು ದೋಹಾದಲ್ಲಿ, ಸುತ್ತ ಮಲಯಾಳಿಗಳೇ ತುಂಬಿದ ಥಿಯೇಟರಿನಲ್ಲಿ. ಹೀಗಾಗಿ ಹೇಳುವುದು ಸ್ವಲ್ಪ ಇದೆ.

ಸಿನಿಮಾ 'ಲೋಕಃ: ಅಧ್ಯಾಯ ಒಂದು, ಚಂದ್ರ'. 2025ರ ಆಗಸ್ಟ್ 28ಕ್ಕೆ, ಓಣಂ ಹೊತ್ತಿಗೆ ಬಂತು. ನಿರ್ದೇಶಕ ಡೊಮಿನಿಕ್ ಅರುಣ್, ನಿರ್ಮಾಪಕ ದುಲ್ಕರ್ ಸಲ್ಮಾನ್, ಮುಖ್ಯ ಪಾತ್ರದಲ್ಲಿ ಕಲ್ಯಾಣಿ ಪ್ರಿಯದರ್ಶನ್. ಸುಮಾರು ಮೂವತ್ತು ಕೋಟಿಯಲ್ಲಿ ತೆಗೆದದ್ದಂತೆ, ಗಳಿಕೆ ಮುನ್ನೂರು ಕೋಟಿ ದಾಟಿತು ಎಂದು ಪತ್ರಿಕೆಗಳು ಬರೆದವು. ಹೆಣ್ಣೊಬ್ಬಳನ್ನು ನಡುವೆ ನಿಲ್ಲಿಸಿದ ದಕ್ಷಿಣದ ಸಿನಿಮಾಕ್ಕೆ ಇಷ್ಟು ದುಡ್ಡು ಹುಟ್ಟುತ್ತದೆ ಎಂದು ಅದಕ್ಕೆ ಮೊದಲು ಹೇಳಿದ್ದರೆ ಗಾಂಧಿನಗರದವರು ಚಹಾ ಕುಡಿಸಿ ಕಳಿಸುತ್ತಿದ್ದರು.

ಕತೆಯ ಬೇರು ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿ. ಕೇರಳದ ಮಕ್ಕಳನ್ನು ತಲೆಮಾರುಗಳಿಂದ ಹೆದರಿಸುತ್ತ ಬಂದವಳು. ಐತಿಹ್ಯದಲ್ಲಿ ಕಡಮಟ್ಟತ್ತು ಕತ್ತನಾರ್ ಎಂಬ ಮಂತ್ರವಾದಿ ಪಾದ್ರಿ ಅವಳನ್ನು ಅಡಗಿಸುತ್ತಾನೆ. ಸಿನಿಮಾದಲ್ಲಿ ಇದು ತಲೆಕೆಳಗಾಗಿದೆ. ನೀಲಿ ಕಾಡಿನ ಜನರ ಹುಡುಗಿ. ದೇವಸ್ಥಾನದೊಳಗೆ ಹೆಜ್ಜೆಯಿಟ್ಟದ್ದೇ ಅಪರಾಧವಾಗಿ ರಾಜನ ಸೈನಿಕರು ಬೆನ್ನಟ್ಟುತ್ತಾರೆ. ಓಡಿ ಗುಹೆ ಸೇರಿದವಳಿಗೆ ಅಲ್ಲಿ ಬೇರೆಯೇ ಶಕ್ತಿ ಬರುತ್ತದೆ, ಕತ್ತನಾರ್ ಅವಳ ಹಿತೈಷಿಯಾಗುತ್ತಾನೆ. ಅವಳೇ ಇವತ್ತಿನ ಬೆಂಗಳೂರಿನ ಚಂದ್ರ. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಈ ಹಿಂದಿನ ಕತೆ. ನಮ್ಮಜ್ಜಿಯರ ಕತೆಯಲ್ಲಿ ಮೋಹಿನಿ ಯಾಕೆ ಮೋಹಿನಿಯಾದಳು ಎಂದು ಯಾರೂ ಕೇಳಲಿಲ್ಲ. ಇಲ್ಲಿ ಕೇಳಿದ್ದಾರೆ, ಉತ್ತರ ಜಾತಿಯ ಬಾಗಿಲಲ್ಲಿ ಸಿಕ್ಕಿದೆ. ಬಾವಲಿ ಕಚ್ಚಿತು, ರಕ್ತದಲ್ಲಿ ಏನೋ ಸೇರಿತು ಎಂಬ ವಿಜ್ಞಾನದ ಒಗ್ಗರಣೆ ಮಾತ್ರ ಬೇಡವಾಗಿತ್ತು. ಯಕ್ಷಿಗೆ ರಕ್ತಪರೀಕ್ಷೆಯ ವರದಿ ಬೇಕೆ?

ದ್ವಿತೀಯಾರ್ಧ ಸೊರಗುತ್ತದೆ. ಅಂಗಾಂಗ ಕದ್ದು ಮಾರುವ ಗ್ಯಾಂಗು ಎಲ್ಲ ಭಾಷೆಯಲ್ಲೂ ಸವೆದುಹೋದ ಸರಕು. ಮುಂದಿನ ಅಧ್ಯಾಯಗಳಿಗೆ ಈಗಲೇ ಕುರ್ಚಿ ಕಾಯ್ದಿರಿಸುವ ಆತುರದಲ್ಲಿ ಅತಿಥಿ ನಟರಾಗಿ ಟೊವಿನೊ ಬರುತ್ತಾರೆ, ದುಲ್ಕರ್ ಬರುತ್ತಾರೆ. ಥಿಯೇಟರಿನಲ್ಲಿ ಶಿಳ್ಳೆಯೂ ಬಂತು, ಕತೆ ಮಾತ್ರ ನಿಂತಲ್ಲೇ ನಿಂತಿತು. ಇಷ್ಟಾದರೂ ನಿಮಿಷ್ ರವಿ ಅವರ ಛಾಯಾಗ್ರಹಣದಲ್ಲಿ ಬೆಂಗಳೂರಿನ ರಾತ್ರಿಗೆ ಒಂದು ಬಣ್ಣ ಇದೆ. ಎದುರು ಮನೆಯ ಹುಡುಗ (ನಸ್ಲೆನ್) ಮತ್ತು ಅವನ ಗೆಳೆಯರ ಪೆದ್ದುತನ ನಗಿಸುತ್ತದೆ. ಹೀರೋ ಹೆಣ್ಣು, ಎದುರು ಮನೆಯಿಂದ ಬಾಯಿ ತೆರೆದು ನೋಡುವವನು ಗಂಡು ಎಂಬ ಅದಲುಬದಲನ್ನು ಭಾಷಣ ಮಾಡದೆ ನಡೆಸಿಕೊಂಡು ಹೋಗಿದ್ದಾರೆ.

ಇನ್ನು ಜಗಳದ ವಿಷಯ. ಇನ್‌ಸ್ಪೆಕ್ಟರ್ ನಾಚಿಯಪ್ಪ ಗೌಡ ಎಂಬ ಪಾತ್ರವಿದೆ, ನೃತ್ಯ ನಿರ್ದೇಶಕ ಸ್ಯಾಂಡಿ ಮಾಡಿದ್ದು. (ಹೆಸರಿನ ಮೊದಲರ್ಧ ಚೆಟ್ಟಿನಾಡಿನದು, ಉಳಿದರ್ಧ ಮಂಡ್ಯದ್ದು. ಇಟ್ಟವರು ಯಾರನ್ನೂ ವಿಚಾರಿಸಿದಂತಿಲ್ಲ.) ಅವನು ಬೆಂಗಳೂರಿನ ಹುಡುಗಿಯರ ಬಗ್ಗೆ ಒಂದು ಮಾತು ಆಡುತ್ತಾನೆ. ಮಕ್ಕಳು ಕೂತಿದ್ದಾರೆ, ಆ ಪದ ಇಲ್ಲಿ ಬೇಡ. ಕರ್ನಾಟಕದಲ್ಲಿ ಆಕ್ಷೇಪ ಎದ್ದಿತು. ಸೆಪ್ಟೆಂಬರ್ ಮೊದಲ ವಾರದಲ್ಲೇ ದುಲ್ಕರ್ ಅವರ ಸಂಸ್ಥೆ ಕ್ಷಮೆ ಕೇಳಿ, ಆ ಸಂಭಾಷಣೆ ತೆಗೆಯುತ್ತೇವೆ ಎಂದಿತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಗೆದ್ದ ಸಂಭ್ರಮ.

ನನಗೆ ಆ ಸಂಭ್ರಮ ಬರಲಿಲ್ಲ. ಮಾತು ಆಡುವವನು ಖಳ, ಹೆಣ್ಣನ್ನು ಕಂಡರೆ ಕುದಿಯುವವನು. ಅವನ ಬಾಯಲ್ಲಿ ಒಳ್ಳೆಯ ಮಾತು ಬಂದಿದ್ದರೇ ಆಶ್ಚರ್ಯ. ನನ್ನನ್ನು ಕಾಡಿದ್ದು ಬೇರೆ. ಎರಡೂವರೆ ಗಂಟೆ ಬೆಂಗಳೂರಿನಲ್ಲಿ ನಡೆಯುವ ಕತೆಯಲ್ಲಿ ನೆನಪಲ್ಲಿ ಉಳಿಯುವ ಸ್ಥಳೀಯ ಈ ಪೊಲೀಸನೊಬ್ಬನೇ. ಚಂದ್ರ ರಾತ್ರಿ ಪಾಳಿಯಲ್ಲಿ ಕೆಫೆ ಕೆಲಸ ಮಾಡುತ್ತಾಳೆ, ಬಾಡಿಗೆ ಮನೆಯಲ್ಲಿರುತ್ತಾಳೆ. ಅವಳನ್ನು ಕಾಯುವವರು ಅವಳವರು, ಪ್ರೀತಿಸುವವನು ಅವಳ ಭಾಷೆಯವನು. ಊರಿನವರು ಬೇಕಾಗುವುದು ಠಾಣೆಯಲ್ಲಿ ಕೂರಿಸಲಿಕ್ಕೆ. ಒಂದು ಪದ ಕತ್ತರಿಸಿದರೆ ಇದು ಸರಿಹೋಗುವುದಿಲ್ಲ.

ಮನೆಗೆ ಹೋಗುತ್ತ ಕಾರಿನಲ್ಲಿ ಇದನ್ನೇ ಸಿಟ್ಟಿನಿಂದ ಹೇಳುತ್ತಿದ್ದೆ. ಹಿಂದೆ ಕೂತಿದ್ದ ಮಗಳು, 'ಅಪ್ಪಾ, ನಮ್ಮ ಮನೆಗೆ ಯಾವತ್ತಾದರೂ ಕತಾರಿ ಊಟಕ್ಕೆ ಬಂದಿದ್ದಾರಾ?' ಅಂದಳು. ಅಲ್ಲಿಂದ ಮುಂದೆ ನನ್ನ ಸಿಟ್ಟು ಬೇರೆ ದಾರಿ ಹಿಡಿಯಿತು.

ಈ ದೇಶದಲ್ಲಿ ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು ಇಲ್ಲಿನ ಪ್ರಜೆಗಳು, ಉಳಿದವರು ನಮ್ಮಂತೆ ಬಂದವರು. ನಮಗೆ ಉಡುಪಿ ಹೋಟೆಲಿದೆ, ರಾಜ್ಯೋತ್ಸವ ಇದೆ, ತುಳು ಕೂಟ ಇದೆ. ನಾಳೆ ನಮ್ಮಲ್ಲೊಬ್ಬ ಹುಡುಗ ದೋಹಾದ ಕನ್ನಡಿಗರ ಬಗ್ಗೆ ಸಿನಿಮಾ ಮಾಡಿದ ಅಂದುಕೊಳ್ಳಿ. ಅದರಲ್ಲಿ ಕತಾರಿ ಎಲ್ಲಿ ಬರುತ್ತಾನೆ? ವೀಸಾ ಕೌಂಟರಿನಲ್ಲಿ, ಪೊಲೀಸ್ ಗಾಡಿಯಲ್ಲಿ, ಇಲ್ಲವೇ ಕಫೀಲನಾಗಿ, ಅಂದರೆ ವೀಸಾ ಕೊಡಿಸಿದ ಯಜಮಾನನಾಗಿ. ಸೌದಿಯ ಮರುಭೂಮಿಯಲ್ಲಿ ನಡೆಯುವ 'ಆಡುಜೀವಿತಂ' ನೋಡಿದವರಿಗೆ ನೆನಪಿರಬಹುದು. ನಜೀಬನನ್ನು ಆಡಿನ ಹಟ್ಟಿಯಲ್ಲಿ ಹಾಕಿದ ಅರಬ ಬೈಗುಳ, ಹೊಡೆತ ಬಿಟ್ಟು ಬೇರೇನೂ ಅಲ್ಲ. ಆದರೂ ಕೊನೆಗೆ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಹತ್ತಿಸಿಕೊಳ್ಳುವ ಒಬ್ಬ ಅರಬನಿದ್ದಾನೆ. ಮೂಲ ಕಾದಂಬರಿ ಬರೆದ ಬೆನ್ಯಾಮಿನ್ ಆ ಒಬ್ಬನನ್ನು ಮರೆಯಲಿಲ್ಲ. 'ಲೋಕಃ'ದ ಬೆಂಗಳೂರಿನಲ್ಲಿ ಹಾಗೆ ಗಾಡಿ ನಿಲ್ಲಿಸುವ ಒಬ್ಬ ಆಟೊದವನಾದರೂ ಇದ್ದಿದ್ದರೆ ನನಗೆ ಸಾಕಿತ್ತು.

ವಲಸೆ ಬಂದವರು ಸೂಪರ್‌ಹೀರೋ ಕತೆಗೆ ಹೊಸಬರೇನಲ್ಲ. 1938ರಲ್ಲಿ ಮೊದಲು ಪ್ರಕಟವಾದ ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗೆಲ್, ಜೋ ಶುಸ್ಟರ್ ಇಬ್ಬರೂ ವಲಸೆ ಬಂದ ಯಹೂದಿಗಳ ಮಕ್ಕಳು. ಅವರ ನಾಯಕನೂ ಬೇರೆ ಗ್ರಹದಿಂದ ಬಂದವನು, ಹಗಲು ಕನ್ನಡಕ ಹಾಕಿಕೊಂಡು ಆಫೀಸಿನಲ್ಲಿ ತಲೆತಗ್ಗಿಸಿ ಕೂರುವವನು. 'ಯಾರ ಕಣ್ಣಿಗೂ ಬೀಳಬೇಡ, ತಕರಾರು ಮಾಡಬೇಡ' ಎಂದು ಚಂದ್ರಳಿಗೆ ಅವಳ ಕಡೆಯವರು ಹೇಳುವುದು, ನಾವು ಊರಿಂದ ಹೊಸದಾಗಿ ಬಂದ ತಮ್ಮನಿಗೆ ಏರ್‌ಪೋರ್ಟಿನಲ್ಲೇ ಹೇಳುವ ಮಾತಲ್ಲವೇ? ಆದರೆ ಸೂಪರ್‌ಮ್ಯಾನ್‌ನನ್ನು ಸಾಕಿದ್ದು ಆ ಊರಿನದೇ ರೈತ ದಂಪತಿ. ಕೆಂಟ್ ದಂಪತಿ ಇಲ್ಲದಿದ್ದರೆ ಅವನು ಬರೀ ಹಾರುವ ಮನುಷ್ಯ. ಚಂದ್ರಳ ಕತೆಗೆ ಬೆಂಗಳೂರು ಕೊಡಬಹುದಾಗಿದ್ದು ಇದನ್ನೇ.

'ಹಾಗಾದರೆ ನಾವೇ ಯಾಕೆ ಮಾಡಲಿಲ್ಲ?' ಎಂದು ನೀವು ಕೇಳಬೇಕು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ, ದೆವ್ವದ ಹೆಂಗಸು ಓದಿ ವಾಪಸ್ ಹೋಗಲಿ ಎಂದು, 'ನಾಳೆ ಬಾ' ಎಂದು ಬರೆದಿದ್ದನ್ನು ಇಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ. ರಾತ್ರಿ ಬಾಗಿಲು ತಟ್ಟುವ ಆ ಹೆಂಗಸಿಗೆ ಮುಖ ಕೊಟ್ಟವರು ಮುಂಬಯಿಯವರು. 2018ರ 'ಸ್ತ್ರೀ'ಯಲ್ಲಿ ಅವಳನ್ನು ಮಧ್ಯಪ್ರದೇಶದ ಚಂದೇರಿಗೆ ಕರೆದೊಯ್ದು, ಅಲ್ಲಿಂದ ಸಾಲುಸಾಲು ಸಿನಿಮಾ ಕಟ್ಟಿದರು. ಅವಳು ನಮ್ಮ ಬಾಗಿಲನ್ನೇ ತಟ್ಟಿದ್ದಳು, ನಾವು ಬಾಗಿಲ ಬರಹ ತೋರಿಸಿ ಕಳಿಸಿದೆವು.

ಕರಾವಳಿಯವರು 'ಕಾಂತಾರ ಇದೆಯಲ್ಲ' ಎನ್ನುತ್ತೀರಿ, ಮುಖದಲ್ಲೇ ಕಾಣುತ್ತಿದೆ. ಇದೆ, ಆದರೆ ಪಂಜುರ್ಲಿ, ಗುಳಿಗ ದೈವಗಳನ್ನು ಸೂಪರ್‌ಹೀರೋ ಲೆಕ್ಕಕ್ಕೆ ಸೇರಿಸಲು ನಾನು ಒಪ್ಪುವುದಿಲ್ಲ. ದೈವ ಇವತ್ತಿಗೂ ಕೋಲದಲ್ಲಿ ನಿಂತು ನ್ಯಾಯ ಹೇಳುತ್ತದೆ, ಮನೆಯ ಜಗಳ ಬಗೆಹರಿಸುತ್ತದೆ. 2025ರ ಅಕ್ಟೋಬರಿನಲ್ಲಿ 'ಕಾಂತಾರ ಅಧ್ಯಾಯ 1' ಬಂದಾಗ ಥಿಯೇಟರುಗಳಲ್ಲಿ ಕೆಲವರು ದೈವದ ಅನುಕರಣೆ ಮಾಡಿದರು. ಹಾಗೆ ಮಾಡಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಕೇಳಿಕೊಳ್ಳಬೇಕಾಯಿತು. ಯಕ್ಷಿಗೆ ಆ ತೊಡಕಿಲ್ಲ. ಹೆದರುವವರು ಇದ್ದಾರೆಯೇ ಹೊರತು ಹರಕೆ ಹೊರುವವರು ಕಡಿಮೆ, ಹಾಗಾಗಿ ಅವಳಿಗೆ ಜೀನ್ಸ್ ತೊಡಿಸಿ ಮೆಟ್ರೊ ಹತ್ತಿಸಿದರೂ ಯಾರ ಮನಸ್ಸೂ ನೋಯದು.

ನಮ್ಮಲ್ಲಿ ಹಾಗೆ ಬಿಡುವಾಗಿ ಕೂತಿರುವವರು ಯಾರು? ನನ್ನ ಓಟು 'ನಾಳೆ ಬಾ' ಹೆಂಗಸಿಗೇ. ಚಂದೇರಿಯಿಂದ ಅವಳನ್ನು ವಾಪಸ್ ಕರೆಸಿ, ಮಲ್ಲೇಶ್ವರದಲ್ಲಿ ಒಂದು ಮನೆ ಹಿಡಿಸಿಕೊಡಿ. ಪಕ್ಕದ ಮನೆಗೆ ಮಲಯಾಳಿ ನರ್ಸ್ ಒಬ್ಬಳನ್ನು ತನ್ನಿ, ಅವಳಿಗೂ ನಾಲ್ಕು ಒಳ್ಳೆಯ ಮಾತು ಕೊಡಿ. ಹಾಗೊಂದು ಸಿನಿಮಾ ಏಷ್ಯನ್ ಟೌನಿನ ಥಿಯೇಟರಿಗೆ ಬಂದರೆ ಮೊದಲ ಶುಕ್ರವಾರದ ಟಿಕೆಟು ನಾನೇ ತೆಗೆಯುತ್ತೇನೆ, ಆ ಹಿರಿಯರಿಗೂ ಸೇರಿಸಿ. ಈಗ ನಿಮ್ಮ ಪ್ರಶ್ನೆಗಳು. ಮೂರನೇ ಸಾಲಿನಲ್ಲಿ ಆಗಲೇ ಒಂದು ಕೈ ಎದ್ದಿದೆ.