ಅಜ್ಜಿ ಸ್ಪ್ಯಾನಿಷಿನಲ್ಲಿ, ಮೊಮ್ಮಗಳು ಇಂಗ್ಲಿಷಿನಲ್ಲಿ: ‘ಜೇನ್ ದ ವರ್ಜಿನ್’ ನೋಡಿದ ಮೇಲೆ

ಇವತ್ತು ಒಂದು ಸೀರಿಯಲ್ ಬಗ್ಗೆ ಮಾತಾಡೋಣ ಅಂತ ಬಂದಿದ್ದೀನಿ. ಸೀರಿಯಲ್ ಅಂದ ತಕ್ಷಣ ಮುಂದಿನ ವಿಡಿಯೋಗೆ ಹೋಗಬೇಡಿ, ಸ್ವಲ್ಪ ತಾಳಿ.

2003ರಲ್ಲಿ ಸೋನಿ ಟಿವಿಯಲ್ಲಿ ‘ಜಸ್ಸಿ ಜೈಸಿ ಕೋಯಿ ನಹೀ’ ಬರ್ತಿತ್ತು, ನೆನಪಿದೆಯಾ? ದಪ್ಪ ಕನ್ನಡಕ, ಹಲ್ಲಿಗೆ ಕ್ಲಿಪ್ಪು, ಆ ಹುಡುಗಿ. ಅದರ ಮೂಲ ದೆಹಲಿದೂ ಅಲ್ಲ, ಮುಂಬೈದೂ ಅಲ್ಲ. 1999ರಲ್ಲಿ ಕೊಲಂಬಿಯಾ ದೇಶದಲ್ಲಿ ಶುರುವಾದ ‘ಬೆಟ್ಟಿ ಲಾ ಫೆಯಾ’ ಅನ್ನೋ ಟೆಲಿನೊವೆಲಾ ಅದು. ಅದೇ ಕಥೆ 2006ರಲ್ಲಿ ಅಮೆರಿಕದಲ್ಲಿ ‘ಅಗ್ಲಿ ಬೆಟ್ಟಿ’ ಆಯ್ತು. ಟೆಲಿನೊವೆಲಾ ಅಂದ್ರೆ ಲ್ಯಾಟಿನ್ ಅಮೆರಿಕದ ದಿನನಿತ್ಯದ ಧಾರಾವಾಹಿ. ನಮ್ಮವಕ್ಕೂ ಅವಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಅವು ಮುಗಿಯುತ್ತವೆ. ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ, ಆಮೇಲೆ ಮದುವೆ, ಶುಭಂ. (ನಮ್ಮ ಮನೆಯಲ್ಲಿ ಅಮ್ಮ ನೋಡುವ ಸೀರಿಯಲ್ಲಿಗೆ ಇದನ್ನು ಯಾರಾದರೂ ಹೇಳಿಕೊಡಬೇಕು.)

‘ಜೇನ್ ದ ವರ್ಜಿನ್’ ಕೂಡ ಅದೇ ದಾರಿಯಲ್ಲಿ ಬಂದದ್ದು. ವೆನೆಜುವೆಲಾದ ‘ಹ್ವಾನಾ ಲಾ ವಿರ್ಹೆನ್’ ಅನ್ನೋ ಟೆಲಿನೊವೆಲಾದಿಂದ ಎಳೆ ತೆಗೆದುಕೊಂಡು ಜೆನ್ನಿ ಸ್ನೈಡರ್ ಅರ್ಮನ್ ಅಮೆರಿಕಕ್ಕಾಗಿ ಮತ್ತೆ ಬರೆದರು. 2014ರಿಂದ 2019ರವರೆಗೆ ಐದು ಸೀಸನ್, ಸರಿಯಾಗಿ 100 ಎಪಿಸೋಡು. ಕಥೆ ಮಯಾಮಿಯಲ್ಲಿ ನಡೆಯೋದು. ಜೇನ್‌ಗೆ 23 ವರ್ಷ. ಹೋಟೆಲಿನಲ್ಲಿ ವೇಟ್ರೆಸ್ ಕೆಲಸ, ಜೊತೆಗೆ ಟೀಚರ್ ಆಗಲು ಓದು, ಒಳಗೊಳಗೇ ಕಾದಂಬರಿ ಬರೆಯುವ ಆಸೆ. ಮದುವೆವರೆಗೂ ಕನ್ಯೆಯಾಗೇ ಇರ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟಿದ್ದಾಳೆ. ಒಂದು ದಿನ ಆಸ್ಪತ್ರೆಯಲ್ಲಿ ಡಾಕ್ಟರ್ ಮಾಡಿದ ಎಡವಟ್ಟಿನಿಂದ, ಬೇರೆಯವರಿಗೆ ಆಗಬೇಕಿದ್ದ ಕೃತಕ ಗರ್ಭಧಾರಣೆ ಇವಳಿಗಾಗಿ ಬಿಡುತ್ತೆ. ಅಲ್ಲಿಂದ ಮುಂದೆ ಇಬ್ಬರು ಹುಡುಗರು, ಒಂದು ಮಗು, ಕೊಲೆ, ಅವಳಿ-ಜವಳಿ ಎಲ್ಲಾ ಇದೆ. ಅದನ್ನ ನಾನು ಹೇಳಲ್ಲ, ನೀವೇ ನೋಡಿ.

ನನಗೆ ಮಾತಾಡಬೇಕಿರೋದು ಆ ಮನೆಯ ಬಗ್ಗೆ. ಅಜ್ಜಿ ಆಲ್ಬಾ, ಅಮ್ಮ ಶಿಯೊಮಾರಾ, ಮಗಳು ಜೇನ್, ಮೂರು ತಲೆಮಾರಿನ ಮೂರು ಹೆಂಗಸರು ಒಂದೇ ಸೂರಿನಡಿ. ಅಜ್ಜಿ ಹೆಚ್ಚುಕಮ್ಮಿ ಪೂರ್ತಿ ಸ್ಪ್ಯಾನಿಷಿನಲ್ಲೇ ಮಾತಾಡ್ತಾಳೆ. ಮಗಳು, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾರೆ. ಯಾರೂ ಯಾರಿಗೂ ಅನುವಾದ ಮಾಡಲ್ಲ, ‘ನಂಗೆ ಅರ್ಥ ಆಗ್ಲಿಲ್ಲ’ ಅನ್ನಲ್ಲ. ಕೆಳಗೆ ಸಬ್‌ಟೈಟಲ್ ಬರುತ್ತೆ ಅಷ್ಟೆ. ಅಮೆರಿಕದ ಮುಖ್ಯವಾಹಿನಿ ಟಿವಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಅಲ್ಲಿ ಬೇರೆ ಭಾಷೆ ಬಂದರೆ ಒಂದೋ ವಿಲನ್ ಬಾಯಲ್ಲಿ, ಇಲ್ಲಾ ತಮಾಷೆಗೆ. ಇಲ್ಲಿ ಅದು ಮನೆಮಾತು, ಅಷ್ಟೆ.

ಪುಣೆ, ಹೈದರಾಬಾದಿನಲ್ಲಿ ಮಕ್ಕಳನ್ನ ಬೆಳೆಸ್ತಿರೋರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೇಲಿ ನಮ್ಮ ಅತ್ತೆ ‘ಊಟ ಆಯ್ತೇನೇ ಪುಟ್ಟಿ?’ ಅಂತಾರೆ, ಮಗಳು ‘ಹೋ ಗಯಾ ಅಜ್ಜಿ’ ಅಂತಾಳೆ. ಇಬ್ಬರಿಗೂ ಏನೂ ಕಷ್ಟ ಇಲ್ಲ. ಕಷ್ಟ ಪಡೋದು ಮಧ್ಯದಲ್ಲಿ ನಿಂತಿರೋ ನಾವು.

ಸರಿ, ಈಗ ಸ್ಟೀರಿಯೊಟೈಪ್ ವಿಷಯ. ‘ಹಿಸ್ಪ್ಯಾನಿಕ್’ ಅನ್ನೋದೇ ಮೊದಲು ಒಂದು ಸರ್ಕಾರಿ ಫಾರ್ಮಿನ ಡಬ್ಬಿ. 1980ರ ಜನಗಣತಿಯಲ್ಲಿ ಅಮೆರಿಕದ ಎಲ್ಲ ಮನೆಗಳಿಗೂ ಆ ಪ್ರಶ್ನೆ ಹೋಯ್ತು. ಮೆಕ್ಸಿಕೊದವರು, ಕ್ಯೂಬಾದವರು, 1917ರಿಂದಲೇ ಅಮೆರಿಕದ ಪೌರರಾಗಿರೋ ಪೋರ್ಟೊ ರಿಕೊದವರು, ವೆನೆಜುವೆಲಾದವರು, ಎಲ್ಲರೂ ಅದರೊಳಗೆ. 2020ರ ಗಣತಿಯಲ್ಲಿ ಹೀಗೆ ಗುರುತಿಸಿಕೊಂಡವರು 6.2 ಕೋಟಿ. ಇಷ್ಟು ಜನಕ್ಕೆ ಟಿವಿಯಲ್ಲಿ ಸಿಗ್ತಿದ್ದ ಪಾತ್ರಗಳು ನಾಲ್ಕೈದು: ಮನೆಕೆಲಸದವಳು, ಡ್ರಗ್ಸ್ ಮಾರೋನು, ಜಪಮಾಲೆ ಹಿಡಿದ ಅಜ್ಜಿ, ಬಿಗಿ ಬಟ್ಟೆಯ ಬಿಸಿರಕ್ತದ ಹೆಣ್ಣು, ಮಾತುಮಾತಿಗೂ ಪ್ರೀತಿಸುವ ಗಂಡು. ‘ಮಾಡರ್ನ್ ಫ್ಯಾಮಿಲಿ’ಯ ಗ್ಲೋರಿಯಾಳ ಉಚ್ಚಾರಣೆ ಇಟ್ಟುಕೊಂಡು ಹನ್ನೊಂದು ಸೀಸನ್ ನಗಿಸಿದರು. ‘ಮದ್ರಾಸಿ’ ಅನ್ನೋ ಡಬ್ಬಿಯಲ್ಲಿ ಬಿದ್ದಿರೋ ನಮಗೆ ಇದು ಹೊಸದೇನಲ್ಲ. 1968ರ ‘ಪಡೋಸನ್’ನಲ್ಲಿ ಮೆಹಮೂದ್, 2013ರ ‘ಚೆನ್ನೈ ಎಕ್ಸ್‌ಪ್ರೆಸ್’ನಲ್ಲಿ ದೀಪಿಕಾ, ನಡುವೆ 45 ವರ್ಷ. ತಮಾಷೆ ಮಾತ್ರ ಉಚ್ಚಾರಣೆಯದ್ದೇ.

ಜೇನ್ ಸೀರಿಯಲ್ಲಿನಲ್ಲಿ ನನಗೆ ಹಿಡಿಸಿದ್ದು ಏನಂದ್ರೆ, ಅವರು ಈ ಅಚ್ಚುಗಳಿಂದ ತಪ್ಪಿಸಿಕೊಂಡು ಓಡಲಿಲ್ಲ. ಎಲ್ಲವನ್ನೂ ಮನೆಯೊಳಗೇ ಕರಕೊಂಡು ಬಂದು ಕೂರಿಸಿದರು. ಜಪಮಾಲೆ ಅಜ್ಜಿ? ಇದ್ದಾಳೆ. ಬಿಗಿ ಬಟ್ಟೆ? ಅಮ್ಮ ಶಿಯೊಮಾರಾ, ಹದಿನಾರಕ್ಕೇ ಜೇನ್‌ಳನ್ನು ಹೆತ್ತವಳು. ಪ್ರೇಮಿ ಗಂಡು? ಅಪ್ಪ ರೊಹೇಲಿಯೊ, ಸ್ವತಃ ಟೆಲಿನೊವೆಲಾ ಹೀರೊ, ಕನ್ನಡಿ ಕಂಡರೆ ಬಿಡದವನು. ಅಚ್ಚಿಗೆ ಒಂದು ಒಳಮನಸ್ಸು ಕೊಟ್ಟು ನೋಡಿದರು.

ಮೊದಲ ಎಪಿಸೋಡಿನಲ್ಲೇ ಅಜ್ಜಿ ಪುಟ್ಟ ಜೇನ್ ಕೈಗೆ ಬಿಳಿ ಹೂವು ಕೊಟ್ಟು ಹಿಸುಕು ಅಂತಾಳೆ. ಹಿಸುಕಿದ ಮೇಲೆ ಈಗ ಮೊದಲಿನ ಹಾಗೆ ಮಾಡು ಅಂತಾಳೆ. ಆಗಲ್ಲ. ಹೆಣ್ಣಿನ ಶೀಲ ಹೀಗೇ ಅಂತ ಪಾಠ. ನೋಡುವಾಗ ಮೈ ಉರಿಯುತ್ತೆ. ಆದರೆ ಮುಂದೆ ಇದೇ ಅಜ್ಜಿ ತನ್ನ ಮದುವೆಗೆ ಮುಂಚೆ ಆ ನಿಯಮ ಪಾಲಿಸಿರಲಿಲ್ಲ ಅಂತ ಹೊರಗೆ ಬರುತ್ತೆ. ನಾಚಿಕೆಯನ್ನ ಮೊಮ್ಮಗಳ ಕೈಗೆ ದಾಟಿಸಿದ್ದಳು ಅಂತ ಆಗ ತಿಳಿಯುತ್ತೆ. ಮೂರನೇ ಸೀಸನ್ನಿನಲ್ಲಿ ಶಿಯೊಮಾರಾ ಬೇಡದ ಗರ್ಭ ತೆಗೆಸಿಕೊಳ್ತಾಳೆ. ದೊಡ್ಡ ಸಂಗೀತ ಇಲ್ಲ, ಶಿಕ್ಷೆ ಇಲ್ಲ. ಅಜ್ಜಿಗೆ ಒಪ್ಪಿಗೆ ಇಲ್ಲ, ಜಗಳ ಆಡ್ತಾಳೆ, ಆದರೂ ಮಗಳು ಮಗಳೇ. ಅಜ್ಜಿ ನಾಸ್ತಿಕಳೂ ಆಗಲ್ಲ, ಮಗಳು ಕ್ಷಮೆಯೂ ಕೇಳಲ್ಲ. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ರಾತ್ರಿ ಟೆಲಿನೊವೆಲಾ ನೋಡ್ತಾರೆ. ಕುಟುಂಬ ಅಂದ್ರೆ ನನಗೆ ಗೊತ್ತಿರೋದು ಇದೇ.

ಇನ್ನೊಂದು ವಿಷಯ, ಕಾಗದಪತ್ರ. ಆಲ್ಬಾ ದಶಕಗಳಿಂದ ಅಲ್ಲಿದ್ದರೂ ಅವಳ ಹತ್ತಿರ ದಾಖಲೆ ಇಲ್ಲ. ಅರ್ಜಿ ಹಾಕೋಕೂ ಭಯ. ಮೊದಲ ಸೀಸನ್ನಿನಲ್ಲಿ ಮೆಟ್ಟಿಲಿಂದ ಬಿದ್ದು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರ್ತಾಳೆ. ಇನ್ಶೂರೆನ್ಸ್ ಇಲ್ಲ ಅಂತ ಅವಳನ್ನ ವೆನೆಜುವೆಲಾಕ್ಕೆ ಕಳಿಸಿಬಿಡ್ತೀವಿ ಅನ್ನುವ ಮಾತು ಬರುತ್ತೆ. ಆಗ ತೆರೆ ಮೇಲೆ ಅಕ್ಷರ ಮೂಡುತ್ತೆ, ಇದು ನಿಜವಾಗಿ ನಡೆಯುತ್ತೆ, ಬೇಕಿದ್ರೆ ಹುಡುಕಿ ಅನ್ನೋ ಅರ್ಥದಲ್ಲಿ. ಜೊತೆಗೆ ವಲಸೆ ಕಾನೂನು ಸುಧಾರಣೆ ಅಂತ ಒಂದು ಹ್ಯಾಷ್‌ಟ್ಯಾಗು. ರೊಮ್ಯಾಂಟಿಕ್ ಕಾಮಿಡಿಯಲ್ಲಿ! ನಮ್ಮ ಬ್ಯಾಚಿನ ಅರ್ಧ ಜನ ಗ್ರೀನ್ ಕಾರ್ಡಿನ ಸರದಿಯಲ್ಲಿದ್ದಾರೆ, ಅವರ ಸಂಕಟ ನಮಗೆ ಗೊತ್ತು. ಆದರೆ ಅವರ ಕೈಲಿ ಒಂದು ರಸೀದಿಯಾದರೂ ಇದೆ. ಆಲ್ಬಾಗೆ ಪೊಲೀಸ್ ಕಾರು ಪಕ್ಕದಲ್ಲಿ ಹೋದರೂ ಎದೆ ಡವಡವ. ಮುಂದೆ ಗ್ರೀನ್ ಕಾರ್ಡ್ ಬಂದ ಮೇಲೆ ಅವಳು ಹೋಟೆಲಿನ ಗಿಫ್ಟ್ ಶಾಪಿನಲ್ಲಿ ಕೆಲಸಕ್ಕೆ ಸೇರ್ತಾಳೆ. ಆ ವಯಸ್ಸಿನಲ್ಲಿ ಹಾಗೆ ಬಹಿರಂಗವಾಗಿ, ಎಲ್ಲರ ಕಣ್ಣೆದುರು ನಿಂತು ದುಡಿಯೋದರಲ್ಲಿ ಅವಳಿಗಿರೋ ಹೆಮ್ಮೆ ನೋಡಬೇಕು.

ಹಾಗಂತ ಎಲ್ಲಾ ಸರಿ ಇದೆ ಅನ್ನಲ್ಲ. ಮನೆ ವೆನೆಜುವೆಲಾದ್ದು, ಆದರೆ ಮೂವರು ನಟಿಯರೂ, ಜೀನಾ ರೊಡ್ರಿಗೆಜ್, ಆಂಡ್ರಿಯಾ ನವೇಡೊ, ಇವೊನ್ ಕೋಲ್, ಪೋರ್ಟೊ ರಿಕೊ ಮೂಲದವರು. ನಟನೆ ಮೂವರದ್ದೂ ಸೊಗಸು. ಜೀನಾಗೆ 2015ರಲ್ಲಿ ಗೋಲ್ಡನ್ ಗ್ಲೋಬ್ ಬಂತು, ಸುಮ್ಮನೆ ಬರಲಿಲ್ಲ. ಆದರೂ ಅಡುಗೆಮನೆಯ ಅರೆಪಾ ಬಿಟ್ಟರೆ ವೆನೆಜುವೆಲಾ ಎಲ್ಲಿದೆ ಅಂತ ಹುಡುಕಬೇಕು. ಬೆಳಗಾವಿ ಮನೆ ಅಂತ ತೋರಿಸಿ ಮಂಗಳೂರು ಕನ್ನಡ ಆಡಿಸಿದ ಹಾಗೆ. ಹೊರಗಿನವರಿಗೆ ಗೊತ್ತಾಗಲ್ಲ, ಬೆಳಗಾವಿಯವರಿಗೆ ಗೊತ್ತಾಗುತ್ತೆ.

ನನಗೆ ಹೆಚ್ಚು ಚುಚ್ಚಿದ್ದು ಬೇರೆ. ಆಲ್ಬಾಳನ್ನ ಮೆಟ್ಟಿಲಿಂದ ತಳ್ಳಿದ್ದು ಮಾಗ್ಡಾ ಅಂತ ಒಬ್ಬ ಜೆಕ್ ಹೆಂಗಸು. ಸುಳ್ಳು ಲಕ್ವ, ಗಾಲಿಕುರ್ಚಿ, ಆಮೇಲೆ ಕೈ ಹೋದ ಜಾಗಕ್ಕೆ ಒಂದು ಕೊಕ್ಕೆ. ಅವಳ ಮಗಳು ಪೆಟ್ರಾ ಏನೋ ನಿಧಾನಕ್ಕೆ ಮನುಷ್ಯಳಾಗಿ ಬೆಳೀತಾಳೆ, ಸೀರಿಯಲ್ಲಿನ ಒಳ್ಳೆ ಪಾತ್ರಗಳಲ್ಲಿ ಒಂದು. ಆದರೆ ಪೆಟ್ರಾಳ ಅವಳಿ ಅನೆಷ್ಕಾ ಬಂದಾಗ ಏನಾಗುತ್ತೆ ಗಮನಿಸಿ. ಅವಳ ಹರುಕುಮುರುಕು ಇಂಗ್ಲಿಷೇ ಜೋಕು, ಅವಳ ಊರಿನ ಬಡತನವೇ ಜೋಕು. ಅಜ್ಜಿಯ ಸ್ಪ್ಯಾನಿಷಿಗೆ ಅಷ್ಟು ಮರ್ಯಾದೆ ಕೊಟ್ಟ ಬರಹಗಾರರೇ ಇದನ್ನೂ ಬರೆದದ್ದು. ಜೆಕ್ ಜನ ಅಮೆರಿಕದಲ್ಲಿ ಬೈಯೋಕೆ ಬರುವಷ್ಟು ಸಂಖ್ಯೆಯಲ್ಲಿ ಇಲ್ಲ ಅಂತಲೋ ಏನೋ. ನಾನೂ ಅನೆಷ್ಕಾ ದೃಶ್ಯಗಳಿಗೆ ನಕ್ಕಿದ್ದೀನಿ, ಬರವಣಿಗೆ ಚುರುಕಾಗಿದೆ, ನಗು ಬರುತ್ತೆ. ಪ್ರಾಗ್‌ನಲ್ಲಿ ಕೂತು ನೋಡುವವರಿಗೆ ಹೇಗನ್ನಿಸಿರಬಹುದು ಅಂತ ಮಾತ್ರ ತಲೇಲಿ ಓಡ್ತಾ ಇರುತ್ತೆ.

ನೋಡೋದಾದರೆ ಡಬ್ ಆಗಿರೋದು ಸಿಕ್ಕರೂ ಹಾಕಬೇಡಿ. ಮೂಲದ ಧ್ವನಿ, ಸಬ್‌ಟೈಟಲ್ ಇಟ್ಟುಕೊಂಡು ನೋಡಿ. ಡಬ್ಬಿಂಗಿನಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಒಂದೇ ಭಾಷೆ ಆಗಿಬಿಡುತ್ತೆ. ಹಾಗಾದರೆ ಆ ಮನೆಯೇ ಇರಲ್ಲ.