ಉಪ್ಪು ಏರಿದಾಗ, ಉಪ್ಪು ಇಳಿದಾಗ: ಒಂದು ಬ್ಯಾಕ್ಟೀರಿಯದ ಪಾಡು



ಉಪ್ಪು ಬಿದ್ದರೆ ಕ್ರಿಮಿ ಸಾಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆ ನಂಬಿಕೆ ಅರ್ಧ ಮಾತ್ರ ಸರಿ. ಹಲವು ಬ್ಯಾಕ್ಟೀರಿಯಗಳು ಸಾಯುವುದಿಲ್ಲ; ಬೆಳವಣಿಗೆ ನಿಲ್ಲಿಸಿ, ಒಳಗನ್ನು ಸರಿಪಡಿಸಿಕೊಂಡು, ಮತ್ತೆ ಬೆಳೆಯತೊಡಗುತ್ತವೆ.

ಮಾವಿನಮಿಡಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಇದಕ್ಕೆ ದಿನಗಳು ಬೇಕು. ಸಿಪ್ಪೆಯ ಮೇಲಿರುವ ಬ್ಯಾಕ್ಟೀರಿಯದಿಂದ ನೀರು ಹೊರಹೋಗಲು ಕೆಲವು ಕ್ಷಣ ಸಾಕು. ಅದರ ಒಳಪೊರೆ ಕುಗ್ಗಿ ಹೊರಗೋಡೆಯಿಂದ ಬಿಟ್ಟುಕೊಳ್ಳುತ್ತದೆ.

ಅತಿ ಹೆಚ್ಚು ಅಧ್ಯಯನವಾಗಿರುವುದು ನಮ್ಮ ಕರುಳಿನಲ್ಲೇ ಇರುವ ಇ. ಕೋಲೈ. ಅದು ಮೊದಲು ಪೊಟ್ಯಾಸಿಯಂ ಅನ್ನು ಒಳಗೆಳೆದುಕೊಳ್ಳುತ್ತದೆ. ಅದರ ಧನ ವಿದ್ಯುದಂಶವನ್ನು ಸರಿತೂಗಿಸಲು ಗ್ಲುಟಮೇಟ್ ತಯಾರಿಸುತ್ತದೆ. ಒಳಗಿನ ಸಾಂದ್ರತೆ ಏರಿದ್ದರಿಂದ ನೀರು ಮರಳುತ್ತದೆ. ಆದರೆ ಅಷ್ಟೊಂದು ಪೊಟ್ಯಾಸಿಯಂ ಇದ್ದರೆ ಪ್ರೋಟೀನುಗಳ ಕೆಲಸ ಕೆಡುತ್ತದೆ. ಆಮೇಲೆ ನಡೆಯುವುದೇ ನನಗೆ ಬಹಳ ಸೊಗಸೆನಿಸುವ ಘಟ್ಟ: ಕೋಶ ಟ್ರೆಹಲೋಸ್ ಎಂಬ ಸಕ್ಕರೆ ತಯಾರಿಸುತ್ತದೆ, ಸುತ್ತಲಿಂದ ಪ್ರೋಲೀನ್, ಬೀಟೈನ್‌ಗಳನ್ನು ಹೆಕ್ಕಿ ತಂದುಕೊಳ್ಳುತ್ತದೆ, ಅವು ತುಂಬಿದಂತೆ ಪೊಟ್ಯಾಸಿಯಂ ಅನ್ನು ಹೊರಕಳಿಸುತ್ತದೆ. ಬೀಟೈನ್ ನಮ್ಮ ಪಾಲಕ್, ಬೀಟ್‌ರೂಟ್‌ಗಳಲ್ಲೂ ಇದೆ. ಎಷ್ಟೇ ತುಂಬಿದರೂ ಪ್ರೋಟೀನಿಗೆ ತೊಂದರೆ ಕೊಡದ ಪದಾರ್ಥ ಅದು. ಉಪ್ಪು ಏರಿದಾಗ ಚುರುಕಾಗುವ ಜೀನುಗಳನ್ನು ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲಿ ಹುಡುಕಿದ ಜೆ. ಗೌರಿಶಂಕರ್, ಪೊಟ್ಯಾಸಿಯಂ ಮತ್ತು ಪ್ರೋಲೀನ್ ಸಾಗಣೆಯ ಪಾತ್ರವನ್ನು 1985ರಲ್ಲೇ ತೋರಿಸಿದರು. ನಮ್ಮ ದೇಶದ ಲ್ಯಾಬಿನಲ್ಲೇ ಆದ ಕೆಲಸ ಇದು. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು.

ಉಪ್ಪು ಏರುವುದಕ್ಕಿಂತ ದಿಢೀರನೆ ಇಳಿಯುವುದೇ ಹೆಚ್ಚು ಅಪಾಯ. ಉಪ್ಪುನೀರಿಗೆ ಹೊಂದಿಕೊಂಡ ಕೋಶದ ಮೇಲೆ ಮಳೆನೀರು ಬಿದ್ದರೆ ನೀರು ಒಳನುಗ್ಗಿ ಕೋಶ ಒಡೆಯುವ ಸ್ಥಿತಿಗೆ ಬರುತ್ತದೆ. ಆಗ ಪೊರೆಯಲ್ಲಿರುವ ಪ್ರೋಟೀನ್ ಬಾಗಿಲುಗಳು, ಪೊರೆ ಬಿಗಿದ ಬಿಗಿತಕ್ಕೇ, ಕುಕ್ಕರಿನ ಸೇಫ್ಟಿ ವಾಲ್ವಿನಂತೆ ತೆರೆದುಕೊಳ್ಳುತ್ತವೆ. ಕೂಡಿಟ್ಟಿದ್ದೆಲ್ಲ ಸೋರಿಹೋಗುತ್ತದೆ, ಜೀವ ಉಳಿಯುತ್ತದೆ. ಇವುಗಳಲ್ಲಿ ದೊಡ್ಡದಾದ ಎಂಎಸ್‌ಸಿಎಲ್‌ನ ಜೀನನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಿಂಗ್ ಕುಂಗ್ ಅವರ ತಂಡ 1994ರಲ್ಲಿ ಗುರುತಿಸಿತು. ತೆರೆದಾಗ ಅದರ ರಂಧ್ರ ಸುಮಾರು 3 ನ್ಯಾನೊಮೀಟರ್. ಇದನ್ನೂ ಇದರ ಜೊತೆಗಾರ ಎಂಎಸ್‌ಸಿಎಸ್ ಅನ್ನೂ ತೆಗೆದುಹಾಕಿದ ಇ. ಕೋಲೈ, ಉಪ್ಪು ಹಠಾತ್ತನೆ ಇಳಿದರೆ ಸಾಯುತ್ತದೆ ಎಂದು 1999ರಲ್ಲಿ ಖಚಿತವಾಯಿತು.

ಈಗ ನಮ್ಮ ಹೊಲದ ಮಾತಿಗೆ ಬರೋಣ. ನಮ್ಮ ದೇಶದಿಂದ ಮಿಡಿಸೌತೆಯ ರಫ್ತು 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಶುರುವಾಯಿತು. ಸೌತೆಯನ್ನು ಉಪ್ಪುನೀರಿನಲ್ಲಿ ಹುಳಿಯಲು ಬಿಡುವ ಪದ್ಧತಿಯಲ್ಲಿ ನೂರಕ್ಕೆ ಐದರಿಂದ ಎಂಟು ಪಾಲು ಉಪ್ಪು ಸಾಮಾನ್ಯ. ಅಷ್ಟು ಉಪ್ಪಿಗೆ ಕೊಳೆಸುವ ಬ್ಯಾಕ್ಟೀರಿಯಗಳು ಹಿಂದೆ ಬೀಳುತ್ತವೆ. ಲ್ಯಾಕ್ಟಿಕ್ ಆಮ್ಲ ತಯಾರಿಸುವವು ತಾಳಿಕೊಂಡು ಮುಂದೆ ಬರುತ್ತವೆ. ಅಂದರೆ ಉಪ್ಪು ಮಾಡುವುದು ಆಯ್ಕೆಯ ಕೆಲಸ. ಆಮೇಲೆ ಕಾಯಿಯನ್ನು ಕಾಯುವುದರಲ್ಲಿ ಹುಳಿಯದೇ ದೊಡ್ಡ ಪಾಲು.

ತಾಯಂದಿರು ಇದನ್ನು ಗಮನಿಸಬೇಕು. ನಮ್ಮ ಮೂಗಿನಲ್ಲೂ ಚರ್ಮದ ಮೇಲೂ ಇರುವ ಸ್ಟ್ಯಾಫಿಲೊಕಾಕಸ್ ಆರಿಯಸ್ ನೂರಕ್ಕೆ ಏಳೂವರೆ ಪಾಲು ಉಪ್ಪಿನಲ್ಲೂ ಬೆಳೆಯುತ್ತದೆ. ಲ್ಯಾಬುಗಳಲ್ಲಿ ಅದನ್ನು ಬೇರ್ಪಡಿಸಲು ಅಷ್ಟೇ ಉಪ್ಪಿನ ಮಾಧ್ಯಮ ಬಳಸುತ್ತಾರೆ, ಉಳಿದವು ಅಲ್ಲಿ ಬೆಳೆಯಲು ಹೆಣಗುತ್ತವೆ ಎಂಬ ಕಾರಣಕ್ಕೆ. ಹುಳಿ ಬೀಳದ ಅಡುಗೆಯನ್ನು ಉಪ್ಪೊಂದನ್ನೇ ನಂಬಿ ಬೇಸಗೆಯಲ್ಲಿ ಹೊರಗಿಟ್ಟರೆ ಈ ಬ್ಯಾಕ್ಟೀರಿಯಕ್ಕೆ ಎದುರಾಳಿಯೇ ಇರುವುದಿಲ್ಲ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯ ಸಾಯುತ್ತದೆ. ಅದು ಬಿಟ್ಟ ವಿಷ ಕುದಿತವನ್ನೂ ತಾಳಿಕೊಂಡು ಅಡುಗೆಯಲ್ಲೇ ಉಳಿಯುತ್ತದೆ.