ಯಕೃತ್ತಿನ ವೈದ್ಯಶಿಕ್ಷಣ: ಲಂಡನ್ನಿನಿಂದ ತೇನಿಯವರೆಗೆ

ಯಕೃತ್ತಿನ ರೋಗಿಗಳನ್ನು ನೋಡಿಕೊಳ್ಳಲೆಂದೇ ವೈದ್ಯರನ್ನೂ ದಾದಿಯರನ್ನೂ ತಯಾರು ಮಾಡುವ ಸ್ನಾತಕೋತ್ತರ ಶಿಕ್ಷಣಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಕಾಮಾಲೆ, ಜಲೋದರಗಳನ್ನು ಆಯುರ್ವೇದವೂ ಸಿದ್ಧ ವೈದ್ಯವೂ ಬಹುಕಾಲದಿಂದ ಬಲ್ಲವು. ಆಧುನಿಕ ವೈದ್ಯ ಕಾಲೇಜುಗಳಲ್ಲಿ ಮಾತ್ರ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಇವು ಸಾಮಾನ್ಯ ವೈದ್ಯಶಾಸ್ತ್ರದ ಒಂದೆರಡು ಅಧ್ಯಾಯಗಳಾಗಿಯೇ ಉಳಿದಿದ್ದವು. ಬದುಕಿರುವ ರೋಗಿಯ ಯಕೃತ್ತಿನಲ್ಲಿ ಏನು ನಡೆದಿದೆ ಎಂಬುದನ್ನು ಕಾಣುವುದು ಕಷ್ಟವಾಗಿತ್ತು. ತಿಳಿದದ್ದರಲ್ಲಿ ಹೆಚ್ಚಿನದು ಶವಪರೀಕ್ಷೆಯಿಂದ ತಿಳಿದದ್ದು.

ಈ ಕೊರತೆಯನ್ನು ನೀಗಿಸಿದ್ದು ಸೂಜಿಯಿಂದ ಯಕೃತ್ತಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ. 1940ರ ದಶಕದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಶೀಲಾ ಶೆರ್ಲಾಕ್ ಇದನ್ನು ರೋಗಿಯ ಹಾಸಿಗೆಯ ಪಕ್ಕದ ವಿದ್ಯೆಯನ್ನಾಗಿ ಮಾಡಿದರು. 1955ರಲ್ಲಿ ಯಕೃತ್ತು ಮತ್ತು ಪಿತ್ತನಾಳಗಳ ರೋಗಗಳ ಬಗ್ಗೆ ಅವರ ಪಠ್ಯಪುಸ್ತಕ ಬಂತು. 1959ರಲ್ಲಿ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಪ್ರಾಧ್ಯಾಪಕಿಯಾದಾಗ, ಬ್ರಿಟನ್ನಿನಲ್ಲಿ ವೈದ್ಯಶಾಸ್ತ್ರದ ಆ ಹುದ್ದೆಗೇರಿದ ಮೊದಲ ಮಹಿಳೆ ಅವರೇ ಆಗಿದ್ದರು. ಅವರ ವಿಭಾಗದಲ್ಲಿ ಕಲಿತು ಹೋದವರು ಹಲವು ದೇಶಗಳಲ್ಲಿ ಈ ವಿಷಯಕ್ಕೆ ಬುನಾದಿ ಹಾಕಿದರು.

ಭಾರತಕ್ಕೆ ಪಾಠ ಕಲಿಸಿದ್ದು ದೆಹಲಿಯ ಕಾಮಾಲೆ. 1955ರ ಕೊನೆಯಲ್ಲಿ ಯಮುನೆಯಿಂದ ಎತ್ತುತ್ತಿದ್ದ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ, ಸುಮಾರು 29,000 ಮಂದಿಗೆ ಕಾಮಾಲೆ ತಗುಲಿತು. ಗರ್ಭಿಣಿಯರಿಗೆ ಅದು ಹೆಚ್ಚು ಮಾರಕವಾಯಿತು. ಅದು ಹೆಪಟೈಟಿಸ್ ‘ಇ’ ಎಂಬ ಬೇರೆಯೇ ವೈರಸ್ಸಿನ ಕೆಲಸವೆಂದು ಖಚಿತವಾಗಲು ಮೂರು ದಶಕಗಳೇ ಬೇಕಾದವು. 1980ರ ದಶಕದಲ್ಲಿ ಪುಣೆಯ ಮಕ್ಕಳ ವೈದ್ಯರು ಇನ್ನೊಂದು ನಂಟನ್ನು ತೋರಿಸಿದರು: ಎಳೆಯ ಮಕ್ಕಳ ಯಕೃತ್ತು ಗಟ್ಟಿಯಾಗುವ ಸಿರೋಸಿಸ್‌ಗೂ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಸಿಟ್ಟ ಹಾಲಿಗೂ ಸಂಬಂಧವಿತ್ತು. ಪಾತ್ರೆ ಬದಲಾದಂತೆ ಆ ರೋಗವೂ ಅಪರೂಪವಾಯಿತು. ಊರಿನ ನೀರು, ಮನೆಯ ಪಾತ್ರೆ ಇವೆರಡನ್ನೂ ವಿಚಾರಿಸದೆ ಯಕೃತ್ತಿನ ರೋಗ ಪತ್ತೆಯಾಗದು ಎಂಬ ಅರಿವು ಇಲ್ಲಿನ ವೈದ್ಯಶಿಕ್ಷಣಕ್ಕೆ ಹೀಗೆ ಬಂತು.

ಮದ್ರಾಸಿನಲ್ಲಿ ಎನ್. ಮದನಗೋಪಾಲನ್, ಚಂಡೀಗಢದಲ್ಲಿ ಪಿ.ಎನ್. ಛುಟಾನಿ, ದೆಹಲಿಯಲ್ಲಿ ಬಿ.ಎನ್. ಟಂಡನ್ ಅವರಂಥವರು ಕಟ್ಟಿದ ಜಠರ-ಕರುಳು ರೋಗ ವಿಭಾಗಗಳಲ್ಲೇ ಯಕೃತ್ತಿನ ಪಾಠವೂ ನಡೆಯುತ್ತಿತ್ತು. 1992ರಲ್ಲಿ ಯಕೃತ್ತಿನ ಅಧ್ಯಯನಕ್ಕೆಂದೇ ರಾಷ್ಟ್ರೀಯ ಸಂಘ ಹುಟ್ಟಿತು. 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂತು. 1998ರಲ್ಲಿ ದೆಹಲಿಯಲ್ಲಿ ದೇಶದ ಮೊದಲ ಯಶಸ್ವಿ ಯಕೃತ್ ಕಸಿ ನಡೆಯಿತು. ಕಸಿಗೆ ಮುಂಚೆ, ಕಸಿಯ ನಂತರ ರೋಗಿಯನ್ನು ವರ್ಷಗಟ್ಟಲೆ ನೋಡಿಕೊಳ್ಳಲು ಬೇರೆಯೇ ತಜ್ಞರು ಬೇಕಾದರು. 2010ರಲ್ಲಿ ಉದ್ಘಾಟನೆಯಾದ ದೆಹಲಿಯ ಯಕೃತ್ ಮತ್ತು ಪಿತ್ತ ವಿಜ್ಞಾನ ಸಂಸ್ಥೆ, ಅಂದರೆ ಐಎಲ್‌ಬಿಎಸ್, ಎಸ್.ಕೆ. ಸರಿನ್ ಅವರ ನೇತೃತ್ವದಲ್ಲಿ ಈ ಶಿಕ್ಷಣದ ದೊಡ್ಡ ಕೇಂದ್ರವಾಯಿತು. ಇಂದು ಹೆಪಟಾಲಜಿಯಲ್ಲಿ, ಅಂದರೆ ಯಕೃತ್ತಿನ ವೈದ್ಯಶಾಸ್ತ್ರದಲ್ಲಿ, ಡಿಎಂ ಎಂಬ ತಜ್ಞ ಪದವಿ ಪಡೆಯಲು ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್‌ಗೆ ಐದೂವರೆ ವರ್ಷ, ಎಂಡಿಗೆ ಮೂರು, ಡಿಎಂಗೆ ಮತ್ತೆ ಮೂರು, ಒಟ್ಟು ಹನ್ನೊಂದೂವರೆ ವರ್ಷ ಬೇಕು.

ಇಷ್ಟು ವರ್ಷ ಓದಿದವರು ಹೆಚ್ಚಾಗಿ ನಿಲ್ಲುವುದು ಮಹಾನಗರಗಳಲ್ಲಿ. ರೋಗಿ ಇರುವುದು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯ ದ್ರಾಕ್ಷಿ ತೋಟದಲ್ಲಿ, ಬೋಡಿನಾಯಕನೂರಿನಿಂದ ಏಲಕ್ಕಿ ತೋಟಗಳಿಗೆ ಘಟ್ಟ ಹತ್ತುವ ಜೀಪುಗಳಲ್ಲಿ. ಈ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯ ಕುಟುಂಬಗಳೂ ಇವೆ. ಹಿಂದೆ ದೊಡ್ಡ ಕಾಯಿಲೆ ಬಂದರೆ, 1954ರಲ್ಲಿ ಶುರುವಾದ ಮಧುರೈ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇವರೆಲ್ಲರಿಗೂ ಗತಿಯಾಗಿತ್ತು. ಕಂಬಂನಿಂದ ಅದು ನೂರು ಕಿಲೋಮೀಟರಿಗೂ ದೂರ. 2000ರ ದಶಕದಲ್ಲಿ ಆಂಡಿಪಟ್ಟಿ ಬಳಿಯ ಕೆ. ವಿಲಕ್ಕಿನಲ್ಲಿ ತೇನಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. 2022ರ ಜನವರಿಯಲ್ಲಿ ದಿಂಡಿಗಲ್ಲಿಗೂ ಒಂದು ಕಾಲೇಜು ಬಂತು.

ಇಂಥ ಆಸ್ಪತ್ರೆಗಳಲ್ಲಿ ಮೊದಲು ರೋಗಿಯನ್ನು ಮುಟ್ಟುವ ಕೈ ಏನು ಮಾಡಬೇಕು ಎಂಬುದಕ್ಕೆ ಖಚಿತ ಪಾಠಗಳಿವೆ. ಹೊಟ್ಟೆ ಉಬ್ಬಿ ಜ್ವರದಿಂದ ಬಂದ ಸಿರೋಸಿಸ್ ರೋಗಿಯ ಹೊಟ್ಟೆಯ ನೀರನ್ನು ಕೂಡಲೇ ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳಿಸಬೇಕು. ಒಂದು ಘನ ಮಿಲಿಮೀಟರಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು 250 ಅಥವಾ ಹೆಚ್ಚು ಇದ್ದರೆ ಸೋಂಕೆಂದೇ ತಿಳಿದು, ಕಲ್ಚರ್ ವರದಿಗೆ ಕಾಯದೆ ಆ್ಯಂಟಿಬಯಾಟಿಕ್ ಶುರು ಮಾಡಬೇಕು. ಐದು ಲೀಟರಿಗಿಂತ ಹೆಚ್ಚು ನೀರು ತೆಗೆದರೆ, ಲೀಟರಿಗೆ 6ರಿಂದ 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕೊಡಬೇಕು. ದಾದಿಯ ಪಾಠವೂ ಅಷ್ಟೇ ಸೂಕ್ಷ್ಮ: ಮುಂಗೈ ಹಿಂದಕ್ಕೆ ಬಾಗಿಸಿ ಕೈ ಚಾಚಲು ಹೇಳಿದಾಗ ಅದು ರೆಕ್ಕೆಯಂತೆ ಬಡಿದರೆ ಮೆದುಳು ಮಂಕಾಗುತ್ತಿರುವ ಲಕ್ಷಣ. ಲ್ಯಾಕ್ಟುಲೋಸ್ ಎಂಬ ಔಷಧಿ ಕೊಟ್ಟು ದಿನಕ್ಕೆ ಎರಡು ಮೂರು ಬಾರಿ ಮೆತ್ತಗೆ ಮಲವಿಸರ್ಜನೆಯಾಗುವಂತೆ ನೋಡಿಕೊಳ್ಳಬೇಕು. ಹಳದಿ ರಂಜಕದ ಇಲಿಪಾಷಾಣ ಹೊಟ್ಟೆ ಸೇರಿದವರು ಒಂದೆರಡು ದಿನ ಚೇತರಿಸಿಕೊಂಡಂತೆ ಕಂಡು, ಆಮೇಲೆ ಯಕೃತ್ತು ಕುಸಿದು ಅಪಾಯಕ್ಕೆ ಸಿಲುಕಬಹುದು; ಅವರನ್ನು ಮನೆಗೆ ಕಳಿಸಬಾರದೆಂಬುದು ತಮಿಳುನಾಡಿನ ವೈದ್ಯರು ಕಷ್ಟದಿಂದ ಕಲಿತ ಪಾಠ.

ಇಂಥ ಪಾಠಗಳನ್ನು ದೂರದ ಊರುಗಳಿಗೆ ತಲುಪಿಸುವ ದಾರಿಯನ್ನು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಭಾರತ ಮೂಲದ ವೈದ್ಯ ಸಂಜೀವ್ ಅರೋರಾ ಹುಡುಕಿದರು. ಇಕೋ ಎಂಬ ಆ ಯೋಜನೆಯಲ್ಲಿ ಊರ ವೈದ್ಯರು ವಿಡಿಯೋ ಮೂಲಕ ತಮ್ಮ ರೋಗಿಗಳ ವಿವರವನ್ನು ತಜ್ಞರ ಮುಂದಿಟ್ಟು ಕಲಿಯುತ್ತಾರೆ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 407 ಹೆಪಟೈಟಿಸ್ ‘ಸಿ’ ರೋಗಿಗಳ ಫಲಿತಾಂಶ ಹೋಲಿಸಲಾಯಿತು: ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶೇ. 57.5, ಊರ ವೈದ್ಯರ ಬಳಿ ಶೇ. 58.2 ಮಂದಿ ಗುಣವಾಗಿದ್ದರು. ಐಎಲ್‌ಬಿಎಸ್ ಇದೇ ಮಾದರಿಯನ್ನು ಭಾರತಕ್ಕೆ ತಂದಿತು. ದಾದಿಯರಿಗಾಗಿ ‘ಪ್ರಕಾಶ್’ ಎಂಬ ತರಬೇತಿಯನ್ನೂ ನಡೆಸಿತು.

2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ, ವೈದ್ಯಾಧಿಕಾರಿಗಳಿಗೂ ಪ್ರಯೋಗಾಲಯ ಸಿಬ್ಬಂದಿಗೂ ತರಬೇತಿ ಸರ್ಕಾರದ ಹೊಣೆಯಾಯಿತು. ಡಿಎಂ ಪದವೀಧರರು ಪ್ರತಿ ಜಿಲ್ಲೆಗೂ ಸಿಗುವುದು ಸದ್ಯಕ್ಕೆ ದೂರದ ಮಾತು. ಅವರ ವಿದ್ಯೆಯ ಅಗತ್ಯ ಭಾಗವನ್ನು ಜಿಲ್ಲಾಸ್ಪತ್ರೆಯ ವೈದ್ಯರಿಗೆ, ದಾದಿಯರಿಗೆ ಕಲಿಸುವುದು ಇಂದೇ ಸಾಧ್ಯವಿರುವ ಕೆಲಸ. ಈ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ‘ಬಿ’, ‘ಸಿ’ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಕಣ್ಣು ಹಳದಿಯಾದಾಗ ಯಾರೇ ಆದರೂ ಮೊದಲು ಹೋಗಬೇಕಾದದ್ದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ.